ಇಎಫ್ 52 ಆಯಿತು, ಇನ್ನೂ ಗುಳಿಗೆ ಯಾಕೆ?

ಪ್ರಶ್ನೆ: ನಾವು ಬ್ಯಾಡಗಿಯವರು. ತಂದೆಗೆ 57 ವರ್ಷ, ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಇದೆ. ಎರಡು ವರ್ಷದ ಹಿಂದೆ ರಾತ್ರಿ ಹೊತ್ತು ಉಸಿರು ಕಟ್ಟುತ್ತಿತ್ತು, ಕಾಲು ಬಾತಿದ್ದವು. ಮೆಣಸಿನಕಾಯಿ ಘಾಟಿಗೆ ಹೀಗಾಗಿರಬೇಕು ಎಂದುಕೊಂಡು ಒಂದು ತಿಂಗಳು ಸುಮ್ಮನಿದ್ದೆವು. ಆಮೇಲೆ ಹುಬ್ಬಳ್ಳಿಯಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಇಎಫ್, ಅಂದರೆ ಹೃದಯ ರಕ್ತ ಹಿಂಡುವ ಶೇಕಡಾ ಲೆಕ್ಕ, 25 ಬಂತು. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇರಲಿಲ್ಲ. ಐದು ಗುಳಿಗೆ ಶುರು ಮಾಡಿದರು. ಕಳೆದ ತಿಂಗಳು ಮತ್ತೆ ಎಕೋ ಮಾಡಿಸಿದರೆ ಇಎಫ್ 52. ಈಗ ತಂದೆ ‘ನಾ ಆರಾಮ ಆಗೇನಿ’ ಎನ್ನುತ್ತಾರೆ. ಒಂದು ಗುಳಿಗೆಯನ್ನು ತಾವೇ ಬಿಟ್ಟಿದ್ದಾರೆ. ಮೆಡಿಕಲ್ ಅಂಗಡಿಯ ಹುಡುಗ ಅದು ಶುಗರ್ ಗುಳಿಗೆ ಎಂದನಂತೆ, ಇವರಿಗೆ ಶುಗರ್ ಇಲ್ಲ. ಉಳಿದವನ್ನು ಯುಗಾದಿ ಆದ ಮೇಲೆ ಬಿಡುತ್ತಾರಂತೆ. ಎದ್ದು ನಿಂತಾಗ ತಲೆ ತಿರುಗುತ್ತದೆ, ಬಿಪಿ 100/60 ಇರುತ್ತದೆ. ಗುಳಿಗೆ ಎಷ್ಟು ದಿನ ಬೇಕು? ಮಕ್ಕಳಾದ ನಮಗೂ ಪರೀಕ್ಷೆ ಬೇಕಾ?

ಉತ್ತರ: ನಿಮ್ಮ ತಂದೆಯವರದ್ದು ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಸೋತು ಸಾಕಷ್ಟು ರಕ್ತ ತಳ್ಳಲಾಗದ ಕಾಯಿಲೆ. ನನ್ನ ಉತ್ತರ ಸ್ವಲ್ಪ ಉದ್ದವಿದೆ. ಪೂರ್ತಿ ಓದುವ ಮೊದಲು ತಂದೆಯವರಿಗೆ ಒಂದು ಮಾತು ಹೇಳಿಬಿಡಿ. ಉಳಿದ ನಾಲ್ಕು ಗುಳಿಗೆಗಳಲ್ಲಿ ಯಾವುದನ್ನೂ ತಾವಾಗಿಯೇ ಬಿಡುವುದು ಬೇಡ, ಯುಗಾದಿ ಆದ ಮೇಲೂ ಬೇಡ. ಬಿಟ್ಟಿರುವ ಐದನೆಯದರ ಬಗ್ಗೆ ಅವರನ್ನು ನೋಡುತ್ತಿರುವ ಡಾಕ್ಟರಿಗೆ ನಾಳೆಯೇ ಫೋನ್ ಮಾಡಿ.

ಈ ಗೊಂದಲಕ್ಕೆ ಅರ್ಧ ಕಾರಣ ನಾವು ಡಾಕ್ಟರುಗಳೇ. ಕೆಲವು ವರ್ಷದ ಹಿಂದೆ ನವಲಗುಂದದ ಕಡೆಯ ಒಬ್ಬ ರೈತರು ನನ್ನ ಹತ್ತಿರ ತೋರಿಸುತ್ತಿದ್ದರು. ಅವರ ಇಎಫ್ 30ರಿಂದ 55ಕ್ಕೆ ಬಂತು. ನನಗೂ ಖುಷಿಯಾಗಿ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಹಾರ್ಟ್ ನಾರ್ಮಲ್’ ಎಂದು ಬರೆದುಕೊಟ್ಟೆ. ಅವರು ಊರಿಗೆ ಹೋಗಿ ಪೇಢೆ ಹಂಚಿದರು. ಗುಳಿಗೆ ಡಬ್ಬಿಯನ್ನು ಗೋಡೆಯ ಮಾಡದಲ್ಲಿಟ್ಟು ಮರೆತುಬಿಟ್ಟರು. ಏಳು ತಿಂಗಳ ಮೇಲೆ, ಜೋಳದ ಸುಗ್ಗಿ ನಡೆದಿರುವಾಗ, ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಗೆ ಬಂದರು. ಮಲಗಲು ಆಗುತ್ತಿರಲಿಲ್ಲ, ಕೂತೇ ಏದುಸಿರು ಬಿಡುತ್ತಿದ್ದರು. ಎಕೋ ನೋಡಿದರೆ ಇಎಫ್ 28. ‘ನೀವ ನಾರ್ಮಲ್ ಅಂತ ಬರದಿದ್ರಲ್ರಿ’ ಎಂದರು ಅವರ ಹೆಂಡತಿ. ನಾನು ಏನು ಹೇಳಲಿ? ಆವತ್ತಿನಿಂದ ಚೀಟಿಯಲ್ಲಿ ‘ಗುಳಿಗೆಯ ಮೇಲೆ ನಾರ್ಮಲ್’ ಎಂದೇ ಬರೆಯುತ್ತೇನೆ. ನಿಮ್ಮ ತಂದೆಯವರೂ ಈಗ ಇರುವುದು ಹಾಗೆಯೇ.

ಇಎಫ್ ಸಂಖ್ಯೆಯ ವಿಷಯಕ್ಕೆ ಬರೋಣ. ಅದು ಪರೀಕ್ಷೆಯ ಮಾರ್ಕ್ಸ್ ಅಲ್ಲ. 52 ಬಂತು ಅಂದರೆ ಹೃದಯ ಅರ್ಧ ಮಾತ್ರ ಕೆಲಸ ಮಾಡುತ್ತಿದೆ ಅಂತ ಅಲ್ಲ, ಪಾಸಾಯಿತು ಅಂತಲೂ ಅಲ್ಲ. ಹೃದಯದ ಎಡ ಕೆಳಕೋಣೆ ರಕ್ತ ತುಂಬಿಕೊಳ್ಳುತ್ತದೆ. ಒಂದು ಸಲ ಹಿಂಡಿದಾಗ ಅದರಲ್ಲಿ ಎಷ್ಟು ಪಾಲು ಹೊರಗೆ ಹೋಯಿತು ಅನ್ನುವ ಲೆಕ್ಕವೇ ಇಎಫ್. ಆರೋಗ್ಯವಂತರಲ್ಲೂ ಕೋಣೆ ಪೂರ್ತಿ ಖಾಲಿಯಾಗುವುದಿಲ್ಲ, 55ರಿಂದ 70ರ ಆಸುಪಾಸು ಇರುತ್ತದೆ. ಮೊದಲು 40 ಅಥವಾ ಅದಕ್ಕಿಂತ ಕಡಿಮೆ ಇದ್ದು, ಆಮೇಲೆ ಕನಿಷ್ಠ 10 ಅಂಕ ಏರಿ 40 ದಾಟಿದರೆ ಅದನ್ನು ‘ಇಎಫ್ ಸುಧಾರಿಸಿದ ಹಾರ್ಟ್ ಫೇಲ್ಯೂರ್’ ಎಂದು ಕರೆಯಬೇಕು ಎಂದು 2021ರಲ್ಲಿ ಅಮೆರಿಕ, ಯುರೋಪ್, ಜಪಾನಿನ ಹಾರ್ಟ್ ಫೇಲ್ಯೂರ್ ತಜ್ಞರ ಸಂಘಗಳು ಸೇರಿ ಹೇಳಿದವು. ಗಮನಿಸಿದಿರಾ, ಹಾರ್ಟ್ ಫೇಲ್ಯೂರ್ ಅನ್ನುವ ಹೆಸರು ಹಾಗೇ ಉಳಿದಿದೆ. ‘ಸುಧಾರಿಸಿದ’ ಎಂದಿದ್ದಾರೆ, ‘ಗುಣವಾದ’ ಎಂದಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ.

ಇನ್ನೊಂದು ವಿಷಯ. ಎಕೋದ ಇಎಫ್ ತಕ್ಕಡಿಯಲ್ಲಿ ತೂಗಿದ ಹಾಗೆ ಖಚಿತವಲ್ಲ. ಒಂದೇ ಹೃದಯವನ್ನು ಇಬ್ಬರು ನೋಡಿದರೆ 5 ಅಂಕ ಆಚೀಚೆ ಬರುವುದು ಮಾಮೂಲಿ. ಮುಂದಿನ ಸಲ 48 ಬಂದರೆ ಮನೆಯಲ್ಲಿ ಅಳುವುದು ಬೇಡ, 57 ಬಂದರೆ ಪೇಢೆ ಹಂಚುವುದೂ ಬೇಡ. ಆದಷ್ಟು ಒಂದೇ ಕಡೆ ಎಕೋ ಮಾಡಿಸಿ. ವರದಿಯಲ್ಲಿ ಇಎಫ್ ಜೊತೆ ಎಡ ಕೋಣೆಯ ಅಗಲ ಮಿಲಿಮೀಟರಿನಲ್ಲಿ ಇರುತ್ತದೆ, ಅದನ್ನೂ ನೋಡಲು ಹೇಳಿ. ಗಂಡಸರಲ್ಲಿ ಕೋಣೆ ರಕ್ತ ತುಂಬಿಕೊಂಡಾಗ ಅದು ಸುಮಾರು 58ರ ಒಳಗೆ ಇರಬೇಕು. ಇಎಫ್ ಏರಿದೆ, ಆದರೆ ಕೋಣೆ ಇನ್ನೂ 64 ಇದೆ ಅಂದರೆ ಹೃದಯ ಅರ್ಧ ದಾರಿಯಲ್ಲಿದೆ ಅಂತ ಲೆಕ್ಕ. ನನ್ನ ಮಟ್ಟಿಗೆ, ಇಎಫ್ ಏರಿದ್ದಕ್ಕಿಂತ ಹಿಗ್ಗಿದ್ದ ಹೃದಯ ಕುಗ್ಗಿತು ಅಂದರೆ ಹೆಚ್ಚು ಸಮಾಧಾನ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಆರಾಮಾದ ಮೇಲೆ ಗುಳಿಗೆ ನಿಲ್ಲಿಸಿದರೆ ಏನಾಗುತ್ತದೆ? ಇದನ್ನು ಒಬ್ಬರು ನಿಜವಾಗಿಯೂ ಮಾಡಿ ನೋಡಿದ್ದಾರೆ. ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯ ವೈದ್ಯರು ನಡೆಸಿದ ಈ ಅಧ್ಯಯನ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆಸರು ಟ್ರೆಡ್-ಎಚ್‌ಎಫ್. ಅವರು ಆರಿಸಿಕೊಂಡಿದ್ದು ಹೆಚ್ಚುಕಡಿಮೆ ನಿಮ್ಮ ತಂದೆಯವರಂಥವರನ್ನೇ. ಹೃದಯ ಹಿಗ್ಗಿ ಇಎಫ್ 40ಕ್ಕಿಂತ ಕಡಿಮೆ ಆಗಿದ್ದು, ಗುಳಿಗೆಯಿಂದ 50 ದಾಟಿದವರು. ಕೋಣೆಯ ಅಳತೆ ಸರಿಯಾಗಿತ್ತು, ಉಸಿರಾಟದ ತೊಂದರೆ ಇರಲಿಲ್ಲ, ಹೃದಯದ ಮೇಲಿನ ಒತ್ತಡ ತೋರಿಸುವ ರಕ್ತಪರೀಕ್ಷೆಯೂ ಚೆನ್ನಾಗಿತ್ತು. ನಿಮ್ಮ ತಂದೆಯವರ ಮಾತಿನಲ್ಲಿ ಹೇಳುವುದಾದರೆ, ಎಲ್ಲರೂ ‘ಆರಾಮ ಆದವರು’. ಒಟ್ಟು 51 ಜನ. 25 ಜನರಿಗೆ ಗುಳಿಗೆಯನ್ನು ಒಂದೊಂದಾಗಿ, ನಿಧಾನವಾಗಿ ಇಳಿಸುತ್ತಾ ನಿಲ್ಲಿಸಿದರು. 26 ಜನ ಮುಂದುವರಿಸಿದರು.

ಆರು ತಿಂಗಳಲ್ಲಿ ನಿಲ್ಲಿಸಿದ 25ರಲ್ಲಿ 11 ಜನರಿಗೆ ಕಾಯಿಲೆ ಮರಳಿತು. ಮುಂದುವರಿಸಿದ 26ರಲ್ಲಿ ಒಬ್ಬರಿಗೂ ಇಲ್ಲ. ಆಮೇಲೆ ಮುಂದುವರಿಸಿದ್ದವರಲ್ಲಿ 25 ಜನರಿಗೂ ಗುಳಿಗೆ ಇಳಿಸಿ ನೋಡಿದರು. ಅವರಲ್ಲಿ 9 ಜನರಿಗೆ ಮರಳಿತು. ಒಟ್ಟು 50ಕ್ಕೆ 20. ಯಾರೂ ಸಾಯಲಿಲ್ಲ ಅನ್ನುವುದು ನಿಜ. ಯಾಕೆಂದರೆ ಅವರನ್ನು ಪದೇಪದೇ ಕರೆಸಿ, ಸ್ಕ್ಯಾನ್ ಮಾಡಿ, ಜಾರುವುದು ಕಂಡ ಕೂಡಲೇ ಗುಳಿಗೆ ಮತ್ತೆ ಕೊಟ್ಟರು. ಬ್ಯಾಡಗಿಯಲ್ಲಿ ಮನೆಯಲ್ಲೇ ಗುಳಿಗೆ ಬಿಟ್ಟವರನ್ನು ಹಾಗೆ ಕಾಯುವವರು ಯಾರು?

ಒಮ್ಮೆ ಈ ಲೆಕ್ಕ ಹೇಳಿದಾಗ ಜಾಣರೊಬ್ಬರು ನನ್ನನ್ನು ಹಿಡಿದರು: ‘ಹಂಗಾರ ಉಳಿದ 30 ಮಂದಿ ಗುಳಿಗಿ ಇಲ್ದನ ಆರಾಮ ಇದ್ರಲ್ರಿ?’ ಒಳ್ಳೆಯ ಪ್ರಶ್ನೆ. ಆದರೆ ಅವರನ್ನು ನೋಡಿದ್ದು ಆರು ತಿಂಗಳು ಮಾತ್ರ. ಅದಕ್ಕಿಂತ ಮುಖ್ಯವಾಗಿ, ಯಾರು ಆ 20ರಲ್ಲಿ ಬೀಳುತ್ತಾರೆ, ಯಾರು 30ರಲ್ಲಿ ಉಳಿಯುತ್ತಾರೆ ಎಂದು ಮೊದಲೇ ಹೇಳುವ ನಂಬಿಕಸ್ತ ಪರೀಕ್ಷೆ ನಮ್ಮ ಹತ್ತಿರ ಇಲ್ಲ. ಹಾಗಾಗಿ 2022ರ ಅಮೆರಿಕದ ಮಾರ್ಗಸೂಚಿ ಖಡಾಖಂಡಿತವಾಗಿ ಹೇಳುತ್ತದೆ: ಇಎಫ್ ಸುಧಾರಿಸಿದವರು, ಯಾವ ತೊಂದರೆ ಇಲ್ಲದಿದ್ದರೂ, ಔಷಧಿ ಮುಂದುವರಿಸಬೇಕು. ‘ಎಷ್ಟು ದಿನ’ ಎಂದು ಕೇಳಿದ್ದೀರಿ. ಇವತ್ತಿನ ತಿಳಿವಳಿಕೆಯಲ್ಲಿ, ಕಾಯಂ ಆಗಿ.

ಒಳಗೆ ಆಗುವುದು ಇಷ್ಟು. ಹೃದಯ ಸೋತಾಗ ದೇಹ ಗಾಬರಿಯಾಗುತ್ತದೆ. ಅಡ್ರಿನಲಿನ್ ಥರದ ಹಾರ್ಮೋನುಗಳು, ಉಪ್ಪು-ನೀರು ಹಿಡಿದಿಡುವ ಹಾರ್ಮೋನುಗಳು ಜಾಸ್ತಿಯಾಗುತ್ತವೆ. ದಣಿದ ಎತ್ತಿಗೆ ಚಾಟಿ ಬೀಸಿದ ಹಾಗೆ. ನಾಲ್ಕು ಹೆಜ್ಜೆ ಜೋರಾಗಿ ಎಳೆಯುತ್ತದೆ, ಆಮೇಲೆ ಕುಸಿಯುತ್ತದೆ. ನಾವು ಕೊಡುವ ಗುಳಿಗೆಗಳು ಮುಖ್ಯವಾಗಿ ಈ ಚಾಟಿಯನ್ನು ಹಿಡಿದು ನಿಲ್ಲಿಸುತ್ತವೆ. ಎತ್ತು ಸುಧಾರಿಸಿಕೊಳ್ಳುತ್ತದೆ. ಆದರೆ ಸ್ನಾಯುವಿನಲ್ಲಿ ಆದ ಕಲೆ, ಜೀವಕೋಶದ ಒಳಗಿನ ಏರುಪೇರು ಪೂರ್ತಿ ಮಾಸಿರುವುದಿಲ್ಲ. ನಾನು ಎತ್ತಿನ ಕಥೆ ಹೇಳುತ್ತಿದ್ದರೆ, ಆ ನವಲಗುಂದದ ರೈತರೇ, ಎರಡನೇ ಸಲ ಸುಧಾರಿಸಿದ ಮೇಲೆ, ನನಗಿಂತ ಚೆನ್ನಾಗಿ ಹೇಳಿದರು: ‘ಬೆಳಿ ಚಲೋ ನಿಂತೈತಿ ಅಂತ ಹೊಲದ ಒಡ್ಡು ಕೀಳ್ತೀವೇನ್ರಿ ಡಾಕ್ಟ್ರ?’ ಎರೆ ಹೊಲದ ಒಡ್ಡು ಒಡೆದರೆ ಒಂದೇ ಮಳೆಗೆ ಮಣ್ಣು ಹಳ್ಳ ಸೇರುತ್ತದೆ ಎಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ.

ಎಲ್ಲರಿಗೂ ಒಂದೇ ನಿಯಮವಾ? ಹೃದಯ ಯಾಕೆ ಸೋತಿತು ಅನ್ನುವುದರ ಮೇಲೆ ಸ್ವಲ್ಪ ವ್ಯತ್ಯಾಸ ಇದೆ. ತಿಂಗಳುಗಟ್ಟಲೆ ನಾಡಿ 140ರ ಮೇಲೆ ಓಡುತ್ತಾ ಹೃದಯ ದಣಿದಿದ್ದರೆ, ಥೈರಾಯ್ಡ್ ಕೆಟ್ಟಿದ್ದರೆ, ಕುಡಿತದಿಂದ ಆಗಿದ್ದರೆ, ಆ ಮೂಲವನ್ನೇ ಸರಿಪಡಿಸಿದಾಗ ಹೃದಯ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ಅಂಥ ಕೆಲವರಲ್ಲಿ, ಇಎಫ್ ಬಹಳ ಕಾಲ ಗಟ್ಟಿ ನಿಂತ ಮೇಲೆ, ಒಂದೆರಡು ಗುಳಿಗೆ ಇಳಿಸುವ ಬಗ್ಗೆ ಡಾಕ್ಟರು ಯೋಚಿಸಬಹುದು. ಅದೂ ಎಕೋ ಮಾಡಿಸುತ್ತಾ, ಒಂದೊಂದಾಗಿ. ಹೆರಿಗೆಯ ಹೊತ್ತಿನಲ್ಲಿ ಹೃದಯ ಸೋತ ತಾಯಂದಿರದ್ದು ಬೇರೆಯೇ ಕಥೆ. ಇಎಫ್ ಸರಿಹೋದರೂ ಇನ್ನೊಂದು ಬಸಿರಿನಲ್ಲಿ ಮರಳುವ ಅಪಾಯ ಇರುತ್ತದೆ. ಈ ಗುಳಿಗೆಗಳಲ್ಲಿ ಕೆಲವು ಹೊಟ್ಟೆಯಲ್ಲಿರುವ ಕೂಸಿಗೆ ಆಗಿಬರುವುದಿಲ್ಲ. ಬಸಿರಾಗುವ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು. ನಿಮ್ಮ ತಂದೆಯವರಿಗೆ ಬ್ಲಾಕ್ ಇಲ್ಲ, ಬೇರೆ ಕಾರಣವನ್ನೂ ನೀವು ಬರೆದಿಲ್ಲ. ಹಾಗಾಗಿ ಅವರು ಲಂಡನ್ನಿನ ಆ 51 ಜನರ ಸಾಲಿನಲ್ಲೇ ಬರುತ್ತಾರೆ. ಅಂದಹಾಗೆ, ಕುಡಿಯುತ್ತಾರೆಯೇ ಎಂದು ನೀವು ಬರೆದಿಲ್ಲ. ಮಗ ಇಂಥದ್ದನ್ನು ಬರೆಯುವುದಿಲ್ಲ ಅಂತ ನನಗೆ ಗೊತ್ತು. ಕುಡಿಯುತ್ತಿದ್ದರೆ ಪೂರ್ತಿ ಬಂದ್. ‘ಹಬ್ಬಕ್ಕಷ್ಟೇ’ ಅನ್ನುವುದೂ ಬೇಡ.

ಇನ್ನು ಆ ‘ಶುಗರ್ ಗುಳಿಗೆ’. ಅದು ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇರಬೇಕು. ಅಂಗಡಿಯ ಹುಡುಗ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾನೆ. ಅದು ಸಕ್ಕರೆ ಕಾಯಿಲೆಗೆ ಅಂತಲೇ ಬಂದ ಗುಳಿಗೆ. ಆಮೇಲೆ, ಸಕ್ಕರೆ ಇಲ್ಲದವರ ಹೃದಯಕ್ಕೂ ಒಳ್ಳೆಯದು ಎಂದು ದೊಡ್ಡ ಅಧ್ಯಯನಗಳಲ್ಲಿ ಕಂಡುಬಂತು. 2022ರ ಡೆಲಿವರ್ ಅಧ್ಯಯನದಲ್ಲಿ ಇಎಫ್ 40ರ ಮೇಲಿದ್ದ 6,263 ಜನರಿದ್ದರು. ಅವರಲ್ಲಿ ಮೊದಲು 40ರ ಕೆಳಗಿದ್ದು ಸುಧಾರಿಸಿದವರೂ ಇದ್ದರು. ಅವರಿಗೂ ಡಾಪಾಗ್ಲಿಫ್ಲೋಜಿನ್‌ನಿಂದ ಅಷ್ಟೇ ಲಾಭವಾಯಿತು. ಅಂದರೆ ತಂದೆಯವರು ಬಿಟ್ಟಿರುವುದು, ಅವರಂಥವರಿಗೆ ಉಪಯೋಗ ಎಂದು ನೇರವಾಗಿ ಗೊತ್ತಿರುವ ಗುಳಿಗೆಯನ್ನೇ.

ಇದೇ ಗುಳಿಗೆಯಿಂದ ಇನ್ನೊಂದು ಫಜೀತಿ ಆಗುತ್ತದೆ. ಯಾವುದೋ ಕಾರಣಕ್ಕೆ ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ವರದಿಯಲ್ಲಿ ಸಕ್ಕರೆ ಎದುರು ನಾಲ್ಕು ಪ್ಲಸ್! ಮನೆಮಂದಿಯೆಲ್ಲ ಗಾಬರಿ. ಈ ಗುಳಿಗೆ ಕೆಲಸ ಮಾಡುವುದೇ ಮೂತ್ರದಲ್ಲಿ ಸಕ್ಕರೆ ಹೊರಹಾಕಿ, ಹಾಗಾಗಿ ಅದು ಅಲ್ಲಿ ಕಾಣಲೇಬೇಕು. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ರಕ್ತಪರೀಕ್ಷೆ ಹೇಳುತ್ತದೆ. ತೊಂದರೆಯೇ ಇಲ್ಲ ಅಂತಲ್ಲ. ಗುಪ್ತಾಂಗದಲ್ಲಿ ತುರಿಕೆ, ಬಿಳಿ ಬೂಷ್ಟು ಬರಬಹುದು. ಮೂತ್ರ ಮಾಡಿದ ಮೇಲೆ ನೀರಿನಿಂದ ತೊಳೆದು ಒರೆಸಿಕೊಂಡರೆ ಬಹಳ ಮಟ್ಟಿಗೆ ತಪ್ಪುತ್ತದೆ. ವಾಂತಿ-ಭೇದಿ ಆದ ದಿನ, ಊಟ ಸೇರದ ದಿನ ಇದನ್ನು ನಿಲ್ಲಿಸಬೇಕು, ಊಟ-ನೀರು ಸರಿಹೋದ ಮೇಲೆ ಮತ್ತೆ ಶುರು ಮಾಡಬೇಕು. ಆಪರೇಷನ್ ಇದ್ದರೆ ಮೂರು ದಿನ ಮೊದಲೇ ಡಾಕ್ಟರಿಗೆ ಕೇಳಿ. ಶಿವರಾತ್ರಿಯ ಜಾಗರಣೆಯ ಉಪವಾಸ ಇರಲಿ, ರಂಜಾನಿನ ರೋಜಾ ಇರಲಿ, ಮೊದಲೇ ಹೇಳಿ. ಯಾವ ಗುಳಿಗೆ ಯಾವ ಹೊತ್ತಿಗೆ ಎಂದು ಹೊಂದಿಸಿ ಕೊಡುತ್ತಾರೆ.

ತಲೆ ತಿರುಗುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನನ್ನ ಅನುಮಾನ, ಶುಗರ್ ಗುಳಿಗೆಯ ಮಾತು ನೆಪ, ಗುಳಿಗೆ ಬಿಡುವ ಮನಸ್ಸು ಬಂದಿದ್ದು ಇದರಿಂದಲೇ. ಬಿಪಿ 100/60 ಇದೆ, ಏನೂ ತೊಂದರೆ ಇಲ್ಲ ಅಂದರೆ ನಾವು ಮುಟ್ಟುವುದಿಲ್ಲ. ಆದರೆ ತಲೆ ತಿರುಗುತ್ತಿದ್ದರೆ ಏನಾದರೂ ಮಾಡಲೇಬೇಕು. ಮೊದಲು ನೋಡಬೇಕಾದದ್ದು ನೀರಿನ ಗುಳಿಗೆ, ಅಂದರೆ ಟಾರ್ಸೆಮೈಡ್ ಅಥವಾ ಫ್ಯೂರೋಸೆಮೈಡ್. ಕಾಲು ಬಾತಾಗ, ಎದೆಯಲ್ಲಿ ನೀರು ತುಂಬಿದಾಗ ಅದು ಜೀವ ಉಳಿಸುತ್ತದೆ. ಬಾವು ಇಳಿದು, ತೂಕ ಒಂದೇ ಕಡೆ ನಿಂತ ಮೇಲೆ ಅದೇ ಪ್ರಮಾಣ ಬೇಕಾಗಿಲ್ಲದಿರಬಹುದು. ಹೃದಯವನ್ನು ಕಾಯುವ ಗುಳಿಗೆಗಳ ಸಾಲಿಗೆ ಅದು ಸೇರುವುದಿಲ್ಲ. ಐದರಲ್ಲಿ ಇಳಿಸಲು, ಕೆಲವೊಮ್ಮೆ ನಿಲ್ಲಿಸಲು ಆಗುವ ಗುಳಿಗೆ ಅದೊಂದೇ. ನಿಮ್ಮ ತಂದೆಯವರು ಬಿಡಬೇಕಾದದ್ದನ್ನು ಇಟ್ಟುಕೊಂಡು ಇಡಬೇಕಾದದ್ದನ್ನು ಬಿಟ್ಟಿದ್ದಾರೋ ಏನೋ! ಡಾಕ್ಟರಿಗೆ ಇದನ್ನೇ ಕೇಳಿ: ‘ನೀರಿನ ಗುಳಿಗೆ ಕಡಿಮೆ ಮಾಡಬಹುದಾ?’ ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಿನಲ್ಲಿ ಬೆವರಿಗೇ ಎಷ್ಟೋ ನೀರು ಹೋಗುತ್ತದೆ. ಚಳಿಗಾಲದ ಪ್ರಮಾಣ ಬೇಸಿಗೆಗೆ ಜಾಸ್ತಿಯಾಗುವುದು ನಾನು ವರ್ಷವೂ ನೋಡುವ ವಿಷಯ. ಆಮೇಲೆ, ಬೇರೆ ಡಾಕ್ಟರು ಬರೆದ ಅಮ್ಲೊಡಿಪಿನ್, ಪ್ರಾಸ್ಟೇಟ್ ಗುಳಿಗೆ ಇವೆಯಾ ಎಂದು ಡಬ್ಬಿ ತೆರೆದು ನೋಡಿ, ಅವೂ ಬಿಪಿ ಇಳಿಸಬಹುದು. ಎಲ್ಲ ಗುಳಿಗೆಗಳನ್ನೂ ಬೆಳಗಿನ ಚಹಾದ ಜೊತೆ ಒಟ್ಟಿಗೆ ನುಂಗುತ್ತಿದ್ದರೆ, ಹಂಚಿ ತೆಗೆದುಕೊಳ್ಳುವುದರಿಂದಲೇ ಎಷ್ಟೋ ಜನರಿಗೆ ತಲೆ ತಿರುಗುವುದು ನಿಲ್ಲುತ್ತದೆ.

ಉಳಿದವುಗಳ ಬಗ್ಗೆ ಚುಟುಕಾಗಿ. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್, ಇವುಗಳಲ್ಲಿ ಒಂದು ಇದ್ದೇ ಇರುತ್ತದೆ. ಇದನ್ನು ಒಮ್ಮೆಲೇ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯ. ಬಹಳ ದಿನ ಬಿಟ್ಟಿದ್ದರೆ ಹಳೆಯ ಪ್ರಮಾಣದಲ್ಲೇ ಮತ್ತೆ ಶುರು ಮಾಡುವುದೂ ತಪ್ಪು, ಕೇಳಿಯೇ ಮಾಡಬೇಕು. ಇನ್ನೊಂದು ಸಾಕ್ಯುಬಿಟ್ರಿಲ್-ವಾಲ್ಸಾರ್ಟನ್ ಅಥವಾ ಅದರ ಹಳೆಯ ಸಂಬಂಧಿಕರಾದ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಥರದ್ದು. ಮತ್ತೊಂದು ಸ್ಪೈರೊನೊಲ್ಯಾಕ್ಟೋನ್. ಇದರ ಬಗ್ಗೆ ಗಂಡಸರು ಬಾಯಿ ಬಿಡದ ಒಂದು ತೊಂದರೆ ಇದೆ. ಮೊಲೆ ತೊಟ್ಟಿನ ಸುತ್ತ ನೋವು, ಬಾವು ಬರಬಹುದು. ನಾಚಿಕೆಯಿಂದ ಹೇಳುವುದಿಲ್ಲ, ಸುಮ್ನೆ ಗುಳಿಗೆ ಬಿಡುತ್ತಾರೆ. ಒಬ್ಬರಂತೂ ಎಂಟು ತಿಂಗಳು ಬೇಸಿಗೆಯಲ್ಲೂ ಬನಿಯನ್ ಮೇಲೆ ಎರಡು ಅಂಗಿ ಹಾಕಿಕೊಂಡು ತಿರುಗಿದ್ದರು. ಹೇಳಿದ್ದರೆ ಎಪ್ಲೆರಿನೋನ್ ಎಂಬ ಬದಲಿ ಗುಳಿಗೆ ಕೊಡಬಹುದಿತ್ತು. ತಂದೆಯವರನ್ನು ನೀವೇ ಕೇಳಿ, ಅಮ್ಮನ ಎದುರು ಬೇಡ.

ಸಾಕ್ಯುಬಿಟ್ರಿಲ್-ವಾಲ್ಸಾರ್ಟನ್ ಥರದ್ದು ಮತ್ತು ಸ್ಪೈರೊನೊಲ್ಯಾಕ್ಟೋನ್ ಥರದ್ದು, ಈ ಎರಡು ಜಾತಿಯ ಗುಳಿಗೆ ಒಟ್ಟಿಗೆ ಇರುವಾಗ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಮೂರ್ನಾಲ್ಕು ತಿಂಗಳಿಗೊಮ್ಮೆ, ಗುಳಿಗೆಯ ಪ್ರಮಾಣ ಬದಲಿಸಿದಾಗ ಒಂದೆರಡು ವಾರದೊಳಗೆ, ಪೊಟ್ಯಾಸಿಯಂ ಮತ್ತು ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿಸಬೇಕು. ಇದಕ್ಕೆ ಹುಬ್ಬಳ್ಳಿಗೇ ಬರಬೇಕಾಗಿಲ್ಲ. ಹಾವೇರಿಯಲ್ಲಿ ಮಾಡಿಸಿ ವರದಿಯ ಫೋಟೋ ಕಳಿಸಿದರೂ ಆಗುತ್ತದೆ. ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪನ್ನು ಮಾತ್ರ ತರಬೇಡಿ. ಅದರಲ್ಲಿ ಸೋಡಿಯಂ ಬದಲು ತುಂಬಿರುವುದು ಪೊಟ್ಯಾಸಿಯಂ. ಒಳ್ಳೆಯದಾಗಲಿ ಅಂತ ತಂದು ಹಾಕಿ, ಪೊಟ್ಯಾಸಿಯಂ 6 ದಾಟಿ ಐಸಿಯು ಸೇರಿದವರನ್ನು ನೋಡಿದ್ದೇನೆ.

ನನ್ನ ಪ್ರಕಾರ, ಸುಧಾರಿಸಿದ ಹೃದಯವನ್ನು ಮತ್ತೆ ಕೆಡಿಸುವುದರಲ್ಲಿ ಗುಳಿಗೆ ಬಿಡುವುದರ ನಂತರದ ಜಾಗ ನೋವಿನ ಗುಳಿಗೆಯದು. ಮಾರುಕಟ್ಟೆಯಲ್ಲಿ ದಿನವಿಡೀ ನಿಂತು ಮೊಣಕಾಲು ನೋಯುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಒಂದು ಗುಳಿಗೆ ಕೊಡುತ್ತಾರೆ, ಅರ್ಧ ಗಂಟೆಯಲ್ಲಿ ಹಾಯೆನಿಸುತ್ತದೆ. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್, ಇವು ಮೈಯಲ್ಲಿ ಉಪ್ಪು-ನೀರು ಹಿಡಿದಿಡುತ್ತವೆ, ಕಿಡ್ನಿಯನ್ನೂ ಹಿಂಡುತ್ತವೆ. ಹಳ್ಳಿಯಲ್ಲಿ ಹಾಕುವ ನೋವಿನ ಸೂಜಿಯಲ್ಲೂ ಸಾಮಾನ್ಯವಾಗಿ ಇರುವುದು ಇದೇ. ನೋವಿಗೆ ಪ್ಯಾರಸಿಟಮಾಲ್ ಸಾಕು, ಸಾಲದಿದ್ದರೆ ಬಂದು ತೋರಿಸಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಜೋಳದ ರೊಟ್ಟಿಯ ತಪ್ಪು ಏನೂ ಇಲ್ಲ. ಉಪ್ಪು ಕೂತಿರುವುದು ಅದರ ಸುತ್ತ: ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ಸಂಜೆ ಅಂಗಡಿಗೆ ತರಿಸುವ ಗಿರಮಿಟ್ಟು, ಮಿರ್ಚಿ ಭಜಿ. ದಿನಕ್ಕೆ ಒಟ್ಟು ಒಂದು ಚಹಾ ಚಮಚದಷ್ಟು, ಅಂದರೆ 5 ಗ್ರಾಂ ಒಳಗೆ ಉಪ್ಪು ಇದ್ದರೆ ಸಾಕು. ಸಪ್ಪೆ ಸಾರು ಉಣ್ಣಿಸಿ ಹಿಂಸೆ ಕೊಡಬೇಡಿ. ಉಪ್ಪನ್ನು ತೀರಾ ಕಡಿಮೆ ಮಾಡಿ ನೋಡಿದ 2022ರ ಒಂದು ಅಧ್ಯಯನದಲ್ಲಿ ಆಸ್ಪತ್ರೆ ಸೇರುವುದಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ.

ಒಂದು ತೂಕದ ಯಂತ್ರ ಮನೆಗೆ ತನ್ನಿ. ಬೆಳಗ್ಗೆ ಎದ್ದು, ಬಹಿರ್ದೆಸೆ ಮುಗಿಸಿ, ಚಹಾ ಕುಡಿಯುವ ಮೊದಲು ತೂಕ ನೋಡಿ ಬರೆದಿಡಬೇಕು. ಲಕ್ಷ್ಮೇಶ್ವರದ ಒಬ್ಬ ಅಜ್ಜಿ ನನ್ನ ಹತ್ತಿರ ಬರುತ್ತಾರೆ. ಅವರಿಗೆ ಬರೆಯಲು ಬರುವುದಿಲ್ಲ, ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಚೌಕದಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಾಳೆ. ಹಾಲಿನ ಲೆಕ್ಕ ಮೇಲೆ, ಅಜ್ಜಿಯ ತೂಕ ಕೆಳಗೆ. ತಪಾಸಣೆಗೆ ಬರುವಾಗ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತರುತ್ತಾರೆ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಬಾಯುವ ಮೊದಲೇ ಗೊತ್ತಾಗುತ್ತದೆ, ಆಗ ಫೋನ್ ಮಾಡಿದರೆ ಎಷ್ಟೋ ಸಲ ಒಂದು ಗುಳಿಗೆ ಬದಲಾವಣೆಯಲ್ಲೇ ಮುಗಿಯುತ್ತದೆ. ಮಲಗಿದರೆ ಉಸಿರು ಕಟ್ಟುವುದು, ಎರಡು ದಿಂಬು ಬೇಕಾಗುವುದು, ರಾತ್ರಿ ಒಣಕೆಮ್ಮು, ಇದ್ದಕ್ಕಿದ್ದಂತೆ ಎದೆ ಬಡಿತ ಓಡುವುದು, ಕಣ್ಣು ಕತ್ತಲಿಟ್ಟು ಬೀಳುವುದು, ಇವಕ್ಕೆ ಕಾಯಬೇಡಿ. ಮೆಣಸಿನಕಾಯಿ ಘಾಟು ಅಂತ ಈ ಸಲ ತಿಂಗಳು ಕಳೆಯಬೇಡಿ.

ದುಡ್ಡಿನ ಮಾತು ನೀವು ಬರೆದಿಲ್ಲ, ಆದರೆ ಎಲ್ಲರ ಮನಸ್ಸಲ್ಲೂ ಇರುತ್ತದೆ. ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ನಮ್ಮ ದೇಶದಲ್ಲಿ 2020ರಲ್ಲಿ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚಿನಲ್ಲಿ. ಬೆಲೆ ಬಹಳ ಇಳಿದಿದೆ. ಸಾಕ್ಯುಬಿಟ್ರಿಲ್-ವಾಲ್ಸಾರ್ಟನ್ ಕೂಡ ಈಗ ಬೇರೆ ಬೇರೆ ಕಂಪನಿಗಳಲ್ಲಿ ಸಿಗುತ್ತದೆ. ಭಾರ ಅನಿಸಿದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಜನೌಷಧಿ ಕೇಂದ್ರದಲ್ಲಿ ಸಿಗುವ ಹೆಸರಿನಲ್ಲಿ ಬರೆದುಕೊಡುತ್ತಾರೆ. ಒಂದು ದಿನ ಬಿಟ್ಟು ಒಂದು ದಿನ ನುಂಗಿ ಉಳಿಸುವುದು ಮಾತ್ರ ಬೇಡ.

ತಪಾಸಣೆ ಎಷ್ಟಕ್ಕೊಮ್ಮೆ? ಇಎಫ್ ಏರಿದ ಮೊದಲ ಒಂದೂವರೆ ವರ್ಷ ಆರು ತಿಂಗಳಿಗೊಮ್ಮೆ ಎಕೋ, ಆಮೇಲೆ ಸ್ಥಿರವಾಗಿದ್ದರೆ ವರ್ಷಕ್ಕೊಮ್ಮೆ ಸಾಕು ಅನ್ನುವುದು ನನ್ನ ರೂಢಿ. ತೊಂದರೆ ಕಂಡರೆ ಯಾವಾಗ ಬೇಕಾದರೂ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿ. ಅಂಗಡಿ ನಡೆಸಲಿ, ದಿನಾ ಅರ್ಧ ಗಂಟೆ ನಡೆಯಲಿ, ಯಾವ ಅಡ್ಡಿಯೂ ಇಲ್ಲ. ಮೆಣಸಿನಕಾಯಿ ಚೀಲ ಎತ್ತುವುದನ್ನು ಹಮಾಲರಿಗೇ ಬಿಡಲಿ.

ಕೊನೆಯ ಪ್ರಶ್ನೆ ನಿಮ್ಮದೇ. ಹೌದು, ಪರೀಕ್ಷೆ ಬೇಕು. ಬ್ಲಾಕ್ ಇಲ್ಲದೆ, ಬೇರೆ ಸ್ಪಷ್ಟ ಕಾರಣವೂ ಇಲ್ಲದೆ ಹೃದಯ ಹಿಗ್ಗಿದ್ದರೆ ಅದು ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಬರುತ್ತದೆ. ಮಕ್ಕಳು, ತಂದೆಯ ಅಣ್ಣ-ತಮ್ಮ, ಅಕ್ಕ-ತಂಗಿಯರು ಒಂದು ಇಸಿಜಿ, ಒಂದು ಎಕೋ ಮಾಡಿಸಬೇಕು. ಈಗ ಚೆನ್ನಾಗಿದ್ದರೂ ಕೆಲವು ವರ್ಷಕ್ಕೊಮ್ಮೆ ಮತ್ತೆ ನೋಡಿಸಬೇಕು. ಅಜ್ಜಿಯನ್ನು ಕೂರಿಸಿಕೊಂಡು ಕೇಳಿ: ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ‘ಕುಂತಲ್ಲೇ ಹೋದ್ರು’ ಅಂತ ಇದೆಯಾ? ಯಾರಿಗಾದರೂ ಪೇಸ್‌ಮೇಕರ್ ಹಾಕಿದ್ದಾರಾ? ಇದೆ ಅಂದರೆ ಎಕೋವನ್ನು ಮುಂದಿನ ತಿಂಗಳಿಗೆ ತಳ್ಳಬೇಡಿ.

ಬರುವಾಗ ತಂದೆಯವರ ಎರಡು ವರ್ಷದ ಹಿಂದಿನ ಎಕೋ, ಇಸಿಜಿ ತನ್ನಿ. ಹೊಸದೊಂದನ್ನೇ ನೋಡಿದ ಡಾಕ್ಟರಿಗೆ ಇವರು ಎಲ್ಲಿಂದ ಎದ್ದು ಬಂದವರು ಎಂದು ಗೊತ್ತಾಗುವುದಿಲ್ಲ, 52 ನೋಡಿ ‘ಇಷ್ಟೊಂದು ಗುಳಿಗೆ ಯಾಕೆ’ ಎಂದುಬಿಡಬಹುದು. ಹಳೆಯ ಇಸಿಜಿಯನ್ನು ಜೋಪಾನವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ. ಆ ಕಾಗದಕ್ಕೆ ಬಿಸಿ ತಾಗಿದರೆ ಪೂರ್ತಿ ಕಪ್ಪಾಗುತ್ತದೆ. ಝೆರಾಕ್ಸ್ ತೆಗೆಸಿ, ಮೊಬೈಲಿನಲ್ಲೂ ಒಂದು ಫೋಟೋ ಇಟ್ಟುಕೊಳ್ಳಿ.